ಸಂಜೆಯ ಕರೆಂಟು, ಅದರ ಹೊಗೆಯ ಲೆಕ್ಕ

ಹಾವೇರಿ ಜಿಲ್ಲೆಯಲ್ಲಿ ಗ್ಯಾಸ್ ಸುಟ್ಟು ಗ್ರಿಡ್‌ಗೆ ಕರೆಂಟು ಕೊಡುವ ಸ್ಥಾವರವಿಲ್ಲ. ಇಡೀ ರಾಜ್ಯದಲ್ಲಿ ಹೇಳಿಕೊಳ್ಳುವಂಥದ್ದು ಇರುವುದು ಒಂದೇ, ಅದು ಬೆಂಗಳೂರಿನ ಯಲಹಂಕದಲ್ಲಿ. ಕರ್ನಾಟಕ ವಿದ್ಯುತ್ ನಿಗಮದ ಆ 370 ಮೆಗಾವಾಟ್ ಸ್ಥಾವರವನ್ನು 2024ರ ಸೆಪ್ಟೆಂಬರ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಉದ್ಘಾಟಿಸಿದರು. ಹಾವೇರಿಯಿಂದ ಅಲ್ಲಿಗೆ ಮುನ್ನೂರು ಕಿಲೋಮೀಟರ್‌ಗೂ ಹೆಚ್ಚು ದಾರಿ. ಇಷ್ಟು ದೂರದ ಚಿಮಣಿಯ ವಿಚಾರ ಹಾವೇರಿಯ ಸಭೆಯೊಂದರಲ್ಲಿ ಏಕೆ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಗ್ರಿಡ್‌ನಲ್ಲಿದೆ. ಬ್ಯಾಡಗಿಯ ಕೋಲ್ಡ್ ಸ್ಟೋರೇಜಿನ ಕಂಪ್ರೆಸರ್, ರಾಣೆಬೆನ್ನೂರಿನ ಮಿಲ್ಲಿನ ಮೋಟಾರು, ಹಾವೇರಿಯ ಮನೆಮನೆಯ ಫ್ಯಾನು, ಟಿವಿ ಎಲ್ಲವೂ ಸಂಜೆ ಏಳಕ್ಕೆ ಒಟ್ಟಿಗೆ ತಿರುಗುತ್ತಿದ್ದರೆ ಆ ಭಾರವನ್ನು ಹೊರುವುದು ಹೆಸ್ಕಾಂ ಅಲ್ಲ. ಹೆಸ್ಕಾಂ ಹಂಚುವ ಕಂಪನಿ ಮಾತ್ರ. ಆ ಹೊತ್ತಿನಲ್ಲಿ ಎಲ್ಲೋ ಒಂದು ಕಡೆ ಇನ್ನೊಂದಿಷ್ಟು ನೀರು ಇಳಿಯಬೇಕು, ಇಲ್ಲವೇ ಇನ್ನೊಂದಿಷ್ಟು ಇಂಧನ ಉರಿಯಬೇಕು.

ಸಂಜೆಯ ಈ ಹೊತ್ತು ಕಷ್ಟದ್ದಾಗಿದ್ದು ಇತ್ತೀಚೆಗೆ. ಪಾವಗಡದ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಸೇರಿದಂತೆ ರಾಜ್ಯದ ಸೌರ ಸ್ಥಾವರಗಳು ಹಗಲಿನಲ್ಲಿ ಧಾರಾಳವಾಗಿ ಕರೆಂಟು ಕೊಡುತ್ತವೆ. ಪಂಪ್‌ಸೆಟ್‌ಗಳ ತ್ರೀ ಫೇಸ್ ಸರಬರಾಜನ್ನು ಹಗಲಿಗೆ ತಂದಷ್ಟೂ ಒಟ್ಟು ಬೇಡಿಕೆಯೂ ಹಗಲಿಗೇ ಏರಿದೆ. 2024ರ ಬೇಸಿಗೆಯಲ್ಲಿ ಅದು 17,000 ಮೆಗಾವಾಟ್ ದಾಟಿತು. ಅಷ್ಟು ದೊಡ್ಡ ಬೇಡಿಕೆಯನ್ನು ಬಿಸಿಲು ಕೈಹಿಡಿದು ನಡೆಸುತ್ತದೆ. ಹೊತ್ತು ಇಳಿದಾಗ ಬೇಡಿಕೆ ಅಷ್ಟಾಗಿ ತಗ್ಗುವುದಿಲ್ಲ, ಸೋಲಾರ್ ಮಾತ್ರ ಒಂದೂವರೆ ಗಂಟೆಯೊಳಗೆ ಸೊನ್ನೆಗೆ ಬರುತ್ತದೆ. ಆಗಿನಿಂದ ರಾತ್ರಿ ಹತ್ತರ ತನಕದ ನಾಲ್ಕು ಗಂಟೆ ಗ್ರಿಡ್ ನೋಡಿಕೊಳ್ಳುವ ಎಂಜಿನಿಯರುಗಳಿಗೆ ಬಿಗಿಯಾದ ಹೊತ್ತು. ಆ ಹೊತ್ತಿಗೆಂದೇ ಎಬ್ಬಿಸಿ, ಮುಗಿದ ಮೇಲೆ ಮಲಗಿಸುವ ಸ್ಥಾವರಕ್ಕೆ ಪೀಕಿಂಗ್ ಸ್ಥಾವರ ಎನ್ನುತ್ತಾರೆ. ಅದರ ಹೊಗೆಯನ್ನು ಹೇಗೆ ಅಳೆಯಬೇಕು, ಯಾರ ಲೆಕ್ಕಕ್ಕೆ ಹಾಕಬೇಕು ಎಂಬುದು ಈ ಉಪನ್ಯಾಸದ ವಿಷಯ.

ಕರ್ನಾಟಕದ ಮಟ್ಟಿಗೆ ಈ ಕೆಲಸವನ್ನು ದಶಕಗಳ ಕಾಲ ಮಾಡಿದ್ದು ನೀರು. ಶರಾವತಿಯ 1,035 ಮೆಗಾವಾಟ್, ಕಾಳಿಯ ನಾಗಝರಿ, ಭೂಗರ್ಭದಲ್ಲಿರುವ ವಾರಾಹಿಯ 460 ಮೆಗಾವಾಟ್: ಗೇಟು ತೆರೆದ ಕೆಲವೇ ನಿಮಿಷಗಳಲ್ಲಿ ಈ ಯಂತ್ರಗಳು ಪೂರ್ತಿ ಭಾರ ಹೊರುತ್ತವೆ. ಇಂಥ ಅನುಕೂಲ ದೇಶದ ಎಷ್ಟೋ ರಾಜ್ಯಗಳಿಗಿಲ್ಲ. ಆದರೆ ಮಳೆ ಕೈಕೊಟ್ಟ ವರ್ಷ ಈ ಅನುಕೂಲವೂ ಕೈಕೊಡುತ್ತದೆ. 2023ರಲ್ಲಿ ಮುಂಗಾರು ಸೋತು, ಶರಾವತಿಯ ಲಿಂಗನಮಕ್ಕಿ ಜಲಾಶಯ ತುಂಬದೆ ಹೋದಾಗ ಆ ಅಕ್ಟೋಬರ್‌ನಲ್ಲಿ ರೈತರಿಗೆ ಏಳು ಗಂಟೆಯ ತ್ರೀ ಫೇಸ್ ಕರೆಂಟು ಐದಕ್ಕೆ ಇಳಿಯಿತು. ರೈತರು ಬೀದಿಗಿಳಿದರು. ವಿದ್ಯುತ್ ಕಾಯ್ದೆಯ 11ನೇ ಕಲಮಿನಡಿ ಸರ್ಕಾರ ಖಾಸಗಿ ಉತ್ಪಾದಕರಿಗೆ ರಾಜ್ಯಕ್ಕೇ ಕರೆಂಟು ಕೊಡಬೇಕೆಂದು ಆದೇಶ ಮಾಡಿತು. ಅದೇ ಕಲಮನ್ನು ಮರುವರ್ಷ ಕೇಂದ್ರ ಸರ್ಕಾರ ಗ್ಯಾಸ್ ಸ್ಥಾವರಗಳ ಮೇಲೆ ಪ್ರಯೋಗಿಸಿ, 2024ರ ಮೇ 1ರಿಂದ ಜೂನ್ 30ರ ತನಕ ದೇಶದ ಗ್ಯಾಸ್ ಸ್ಥಾವರಗಳು ಸಿದ್ಧವಿರಬೇಕೆಂದಿತು. ಆ ಮೇ 30ರಂದು ದೇಶದ ಬೇಡಿಕೆ 2,50,000 ಮೆಗಾವಾಟ್ ಮುಟ್ಟಿತು.

ಯಲಹಂಕದ ಜಾಗಕ್ಕೆ ಇದಕ್ಕಿಂತ ಹಳೆಯ ಚರಿತ್ರೆಯಿದೆ. 1993ರಲ್ಲಿ ಅಲ್ಲಿ ಡೀಸೆಲ್ ಎಂಜಿನ್‌ಗಳ ಸ್ಥಾವರ ಆರಂಭವಾಯಿತು. ಆರು ಎಂಜಿನ್ ಸೇರಿ 127.92 ಮೆಗಾವಾಟ್. ಊರ ಹೊರಗೆಂದು ಕಟ್ಟಿದ್ದು, ಊರೇ ಅದರ ಸುತ್ತ ಬೆಳೆಯಿತು. ಬಿಡದಿಯಲ್ಲಿ 1,400 ಮೆಗಾವಾಟಿನ ಗ್ಯಾಸ್ ಸ್ಥಾವರ ಬರುತ್ತದೆಂಬ ಮಾತು ವರ್ಷಗಟ್ಟಲೆ ನಡೆದು ಹಾಗೇ ಉಳಿಯಿತು. ಮಂಗಳೂರಿನ ತಣ್ಣೀರುಬಾವಿಯಲ್ಲಿ 2001ರಿಂದ ನಾಫ್ತಾ ಸುಡುತ್ತಿದ್ದ 220 ಮೆಗಾವಾಟಿನ ತೇಲು ಸ್ಥಾವರ, ಗ್ಯಾಸ್ ಸಿಗುವ ಕಾಕಿನಾಡದ ಕರಾವಳಿಗೆ ಹೊರಟುಹೋಯಿತು. 2013ರಲ್ಲಿ ಗೇಲ್ ಸಂಸ್ಥೆಯ ದಾಭೋಳ–ಬೆಂಗಳೂರು ಕೊಳವೆಮಾರ್ಗ ಶುರುವಾದ ಮೇಲೆಯೇ ಯಲಹಂಕದ ಯೋಜನೆಗೆ ಜೀವ ಬಂದದ್ದು. ಕಟ್ಟುವ ಕೆಲಸ ಬಿಎಚ್‌ಇಎಲ್‌ನದು. 2020ರ ಅಕ್ಟೋಬರ್ 2ರ ನಸುಕಿನಲ್ಲಿ, ಪರೀಕ್ಷಾರ್ಥ ಓಟದ ಕಾಲದಲ್ಲಿ ಬೆಂಕಿ ಬಿದ್ದು 15 ಮಂದಿ ಸುಟ್ಟ ಗಾಯಗಳಿಗೆ ತುತ್ತಾದರು. ಸ್ಥಾವರ ಮತ್ತೆ ನಾಲ್ಕು ವರ್ಷ ತಡವಾಯಿತು. ಈ ನಡುವೆ ಸುತ್ತಲಿನ ಅಪಾರ್ಟ್‌ಮೆಂಟುಗಳ ಜನ ತಮ್ಮ ಗಾಳಿಯ ಬಗ್ಗೆ ದನಿ ಎತ್ತಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ತನಕ ಹೋದರು. ಪಕ್ಕದಲ್ಲೇ ಹಕ್ಕಿಗಳಿಗೆ ಹೆಸರಾದ ಪುಟ್ಟೇನಹಳ್ಳಿ ಕೆರೆಯೂ ಇದೆ.

ಒಂದು ಮಾತನ್ನು ಮೊದಲೇ ಸ್ಪಷ್ಟ ಮಾಡಬೇಕು. ಯಲಹಂಕದ್ದು ಹುಟ್ಟಾ ಪೀಕಿಂಗ್ ಸ್ಥಾವರವಲ್ಲ, ಕಂಬೈನ್ಡ್ ಸೈಕಲ್ ಸ್ಥಾವರ. ಗ್ಯಾಸ್ ಟರ್ಬೈನಿನಿಂದ ಸುಮಾರು 237 ಮೆಗಾವಾಟ್, ಅದರ ಬಿಸಿ ಹೊಗೆಯಿಂದ ಹಬೆ ಮಾಡಿ ಸ್ಟೀಮ್ ಟರ್ಬೈನಿನಿಂದ ಇನ್ನು 133. ಹಗಲೂ ರಾತ್ರಿ ಓಡಿದರೆ ಅದರ ನಡತೆ ಚೆನ್ನಾಗಿಯೇ ಇರುತ್ತದೆ. ಆದರೆ ಭಾರತ ತನಗೆ ಬೇಕಾದ ಗ್ಯಾಸಿನಲ್ಲಿ ಹೆಚ್ಚೂಕಡಿಮೆ ಅರ್ಧವನ್ನು ಆಮದು ಮಾಡಿಕೊಳ್ಳುವ ದೇಶ. ಆಮದಿನ ದ್ರವ ಗ್ಯಾಸಿನ (ಎಲ್‌ಎನ್‌ಜಿ) ದರ ಹತ್ತು ಲಕ್ಷ ಬಿಟಿಯು ಶಾಖಕ್ಕೆ ಹತ್ತು ಹನ್ನೆರಡು ಡಾಲರ್ ಇದ್ದರೆ, ಯೂನಿಟ್‌ಗೆ ಇಂಧನದ ಖರ್ಚೇ ಆರೇಳು ರೂಪಾಯಿ ಆಗುತ್ತದೆ. ಆ ದರದ ಕರೆಂಟನ್ನು ಇಡೀ ದಿನ ಕೊಳ್ಳುವವರಿಲ್ಲ. ಹಾಗಾಗಿಯೇ ದೇಶದ ಗ್ಯಾಸ್ ಸ್ಥಾವರಗಳು ತಮ್ಮ ಸಾಮರ್ಥ್ಯದ ಆರು ಏಳರಲ್ಲಿ ಒಂದು ಪಾಲಿನಷ್ಟೇ ಕೆಲಸ ಮಾಡುತ್ತಿವೆ. ಯಾವ ಕೆಲಸಕ್ಕೆ ಕಟ್ಟಿದ್ದರೂ, ದರ ಅವನ್ನು ಪೀಕಿನ ಕೆಲಸಕ್ಕೆ ತಳ್ಳುತ್ತದೆ.

ಈಗ ಆ ಯಂತ್ರವನ್ನು ಎಬ್ಬಿಸುವ ಕ್ರಮ ನೋಡಬೇಕು, ಏಕೆಂದರೆ ಹೊಗೆಯ ಅರ್ಧ ಕಥೆ ಅಲ್ಲಿಯೇ ಇದೆ. ಗ್ಯಾಸ್ ಟರ್ಬೈನ್ ತಾನಾಗಿ ಹೊರಡಲಾರದು. ಮೊದಲು ಗ್ರಿಡ್‌ನಿಂದಲೇ ಕರೆಂಟು ತೆಗೆದುಕೊಂಡು, ಅದರ ಜನರೇಟರನ್ನೇ ಮೋಟಾರಿನ ಹಾಗೆ ತಿರುಗಿಸಿ ಶಾಫ್ಟಿಗೆ ವೇಗ ಕೊಡುತ್ತಾರೆ. ಒಳಗೆಲ್ಲಾದರೂ ಹಳೆಯ ಗ್ಯಾಸ್ ಉಳಿದಿದ್ದರೆ ಸಿಡಿಯುವ ಭಯವಿರುವುದರಿಂದ ಕೆಲವು ನಿಮಿಷ ಬರೀ ಗಾಳಿ ಹಾಯಿಸಿ ತೊಳೆಯುತ್ತಾರೆ. ಆಮೇಲೆ ಕಿಡಿ. ಎಲ್ಲ ಬರ್ನರುಗಳಲ್ಲೂ ಜ್ವಾಲೆ ಹತ್ತಿದೆಯೆಂದು ಸೆನ್ಸರುಗಳು ಹೇಳಿದ ಮೇಲೆಯೇ ಮುಂದಿನ ಹೆಜ್ಜೆ. ನಿಮಿಷಕ್ಕೆ 3,000 ಸುತ್ತು ಮುಟ್ಟಿ, ಗ್ರಿಡ್‌ನ 50 ಹರ್ಟ್ಸ್‌ಗೆ ತಾಳ ಕೂಡಿದಾಗ ಬ್ರೇಕರ್ ಹಾಕುತ್ತಾರೆ. ಇಷ್ಟಕ್ಕೆ ಅರ್ಧ ಗಂಟೆ ಸಾಕು. ಆದರೆ ಹಿಂದಿರುವ ಬಾಯ್ಲರಿನ ದಪ್ಪ ಉಕ್ಕಿನ ಡ್ರಮ್ಮುಗಳಿಗೆ 600 ಡಿಗ್ರಿಯ ಹೊಗೆಯನ್ನು ಒಮ್ಮೆಲೇ ನುಗ್ಗಿಸಿದರೆ ಅವು ಬಿರುಕು ಬಿಡುತ್ತವೆ. ನಿಧಾನಕ್ಕೆ ಕಾಯಿಸಬೇಕು. ಯಂತ್ರ ಪೂರ್ತಿ ತಣ್ಣಗಾಗಿದ್ದರೆ ಹಬೆಯ ಟರ್ಬೈನ್ ಕೂಡಿಕೊಳ್ಳಲು ಗಂಟೆಗಳೇ ಬೇಕು. ಸಂಜೆಯ ನಾಲ್ಕು ಗಂಟೆಗೆಂದು ಎಬ್ಬಿಸಿದ ಸ್ಥಾವರದ ದಕ್ಷತೆಯ ದೊಡ್ಡ ಪಾಲು ಹೀಗೆ ಕಾಯಿಸುವುದರಲ್ಲೇ ಕಳೆದುಹೋಗಬಹುದು.

ಒಲೆ ಹೊತ್ತಿಸುವಾಗಲೇ ಹೊಗೆ ಹೆಚ್ಚು ಎಂಬುದು ಅಡುಗೆ ಮನೆ ಕಂಡ ಎಲ್ಲರಿಗೂ ಗೊತ್ತು. ಟರ್ಬೈನಿನ ಕಥೆಯೂ ಅದೇ. ಈ ಕಾಲದ ಬರ್ನರುಗಳು ಗ್ಯಾಸನ್ನು ಗಾಳಿಯೊಡನೆ ಮೊದಲೇ ಹದವಾಗಿ ಬೆರೆಸಿ ಸುಡುತ್ತವೆ, ಹಾಗಾಗಿ ಜ್ವಾಲೆ ವಿಪರೀತ ಬಿಸಿಯಾಗುವುದಿಲ್ಲ. ಜ್ವಾಲೆಯ ಉಷ್ಣತೆ 1,500 ಡಿಗ್ರಿ ಮೀರಿದಂತೆಲ್ಲ ಗಾಳಿಯಲ್ಲಿರುವ ನೈಟ್ರೋಜನ್ ಮತ್ತು ಆಕ್ಸಿಜನ್ ಕೂಡಿ ನೈಟ್ರೋಜನ್ ಆಕ್ಸೈಡುಗಳಾಗುವುದು ಚುರುಕಾಗುತ್ತದೆ. ಹದವಾಗಿ ಬೆರೆಸಿ ಸುಡುವ ಈ ವಿಧಾನ ಕೆಲಸ ಮಾಡುವುದು ಭಾರ ಸುಮಾರು ಅರ್ಧಕ್ಕೆ ಬಂದ ಮೇಲೆ. ಅಲ್ಲಿಯ ತನಕ ಜ್ವಾಲೆ ಆರದಿರಲೆಂದು ಹಳೆಯ ರೀತಿಯಲ್ಲಿಯೇ ಸುಡಬೇಕು. ಆ ಹೊತ್ತಿನಲ್ಲಿ ನೈಟ್ರೋಜನ್ ಆಕ್ಸೈಡ್, ಕಾರ್ಬನ್ ಮಾನಾಕ್ಸೈಡ್ ಎರಡರ ಸಾಂದ್ರತೆಯೂ ಏರುತ್ತದೆ. ಗ್ಯಾಸ್ ಟರ್ಬೈನುಗಳ ಚಿಮಣಿಯ ಮೇಲೆ ಆರಂಭದ ಹೊತ್ತಿನಲ್ಲಿ ಹಳದಿ ಛಾಯೆಯ ಹೊಗೆ ಕಾಣಿಸುವುದುಂಟು. ಅದು ನೈಟ್ರೋಜನ್ ಡೈ ಆಕ್ಸೈಡಿನ ಬಣ್ಣ. ಯಂತ್ರ ಹದಕ್ಕೆ ಬಂದ ಮೇಲೆ ಚಿಮಣಿ ಮತ್ತೆ ಬರಿದಾಗಿ ಕಾಣುತ್ತದೆ.

ಕಲ್ಲಿದ್ದಲಿಗೆ ಹೋಲಿಸಿದರೆ ಗ್ಯಾಸ್ ಸ್ವಚ್ಛ. ಇದನ್ನು ಅಲ್ಲಗಳೆಯುವುದು ಸರಿಯಲ್ಲ. ರಾಯಚೂರಿನ ಶಕ್ತಿನಗರ, ಬಳ್ಳಾರಿಯ ಕುಡತಿನಿ ಸ್ಥಾವರಗಳ ಸುತ್ತಲಿನ ಊರುಗಳು ದಶಕಗಳಿಂದ ನುಂಗುತ್ತಿರುವ ಹಾರುಬೂದಿ ಗ್ಯಾಸ್ ಸ್ಥಾವರದಲ್ಲಿಲ್ಲ. ಗಂಧಕದ ಹೊಗೆಯೂ ಇಲ್ಲವೆನ್ನುವಷ್ಟು ಕಡಿಮೆ. ಇಂಗಾಲದ ಲೆಕ್ಕವನ್ನು ಯಾರು ಬೇಕಾದರೂ ಹಾಕಿ ನೋಡಬಹುದು. ಅಂತರರಾಷ್ಟ್ರೀಯ ಹವಾಮಾನ ಸಮಿತಿಯಾದ ಐಪಿಸಿಸಿಯ ಕೋಷ್ಟಕದಂತೆ ಒಂದು ಗಿಗಾಜೌಲ್ ಶಾಖಕ್ಕೆ ಗ್ಯಾಸಿನಿಂದ 56.1 ಕಿಲೋ ಇಂಗಾಲದ ಡೈ ಆಕ್ಸೈಡ್, ಕಲ್ಲಿದ್ದಲಿನಿಂದ ಸುಮಾರು 96 ಕಿಲೋ. ಕಲ್ಲಿದ್ದಲು ಸ್ಥಾವರದ ದಕ್ಷತೆ ಶೇ. 35 ಎಂದು ಹಿಡಿದರೆ ಒಂದು ಯೂನಿಟ್ ಕರೆಂಟಿಗೆ ಸುಮಾರು 990 ಗ್ರಾಂ ಬರುತ್ತದೆ. ಕಂಬೈನ್ಡ್ ಸೈಕಲ್ ಗ್ಯಾಸ್ ಸ್ಥಾವರ ಶೇ. 55ರ ದಕ್ಷತೆಯಲ್ಲಿ ಓಡಿದರೆ 367 ಗ್ರಾಂ. ಹಬೆಯ ಟರ್ಬೈನ್ ಬಿಟ್ಟು ಗ್ಯಾಸ್ ಟರ್ಬೈನ್ ಒಂದನ್ನೇ ಓಡಿಸಿದರೆ ದಕ್ಷತೆ ಶೇ. 38ರ ಆಸುಪಾಸಿಗೆ ಇಳಿಯುತ್ತದೆ, ಹೊಗೆ 531 ಗ್ರಾಂಗೆ ಏರುತ್ತದೆ.

ಈ ಅಂಕಿಗಳನ್ನು ಒಂದು ಸಂಜೆಗೆ ಹೊಂದಿಸಿದಾಗ ವಿಷಯ ತಿಳಿಯಾಗುತ್ತದೆ. 370 ಮೆಗಾವಾಟನ್ನು ನಾಲ್ಕು ಗಂಟೆ ಪೂರ್ತಿಯಾಗಿ ಓಡಿಸಿದರೆ 14 ಲಕ್ಷ 80 ಸಾವಿರ ಯೂನಿಟ್ ಸಿಗುತ್ತದೆ, ಸುಮಾರು 543 ಟನ್ ಇಂಗಾಲದ ಡೈ ಆಕ್ಸೈಡ್ ಹೊರಬೀಳುತ್ತದೆ. ಅದೇ ನಾಲ್ಕು ಗಂಟೆ ಗ್ಯಾಸ್ ಟರ್ಬೈನ್ ಮಾತ್ರ ಓಡಿದರೆ ಸಿಗುವುದು ಒಂಬತ್ತೂವರೆ ಲಕ್ಷ ಯೂನಿಟ್, ಹೊಗೆ 503 ಟನ್. ಕರೆಂಟು ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಕಡಿಮೆಯಾಯಿತು, ಹೊಗೆ ಬರೀ 40 ಟನ್ ತಗ್ಗಿತು. ವರ್ಷದ ಕೊನೆಗೆ ಸರಾಸರಿ ತೆಗೆದು, ಕೇಂದ್ರ ವಿದ್ಯುತ್ ಪ್ರಾಧಿಕಾರದ ಕೋಷ್ಟಕದಲ್ಲಿ ಒಂದೇ ಅಂಕಿಯಾಗಿ ಅಚ್ಚಾದಾಗ ಈ ವ್ಯತ್ಯಾಸ ಕಾಣದೆ ಹೋಗುತ್ತದೆ.

ಇಲ್ಲಿಯೇ ಅಸಲು ತಕರಾರು. ದೇಶದ ಗ್ರಿಡ್‌ನಲ್ಲಿ ದಿನವನ್ನು 15 ನಿಮಿಷದ 96 ತುಂಡುಗಳಾಗಿ ಮಾಡಿದ್ದಾರೆ. ಯಾವ ಸ್ಥಾವರ ಯಾವ ತುಂಡಿನಲ್ಲಿ ಎಷ್ಟು ಕೊಡಬೇಕು, ಎಷ್ಟು ಕೊಟ್ಟಿತು, ತಪ್ಪಿದ್ದಕ್ಕೆ ದಂಡವೆಷ್ಟು, ಎಲ್ಲವೂ ಕಾಲು ಗಂಟೆಯ ಲೆಕ್ಕ. ಕರೆಂಟಿಗೆ ಇಷ್ಟು ಸೂಕ್ಷ್ಮ ತಕ್ಕಡಿ ಇಟ್ಟವರು ಹೊಗೆಗೆ ದಿನದ, ವರ್ಷದ ತಕ್ಕಡಿ ಇಟ್ಟಿದ್ದಾರೆ. 2009ರ ರಾಷ್ಟ್ರೀಯ ವಾಯು ಗುಣಮಟ್ಟದ ಮಾನದಂಡದಲ್ಲಿ ನೈಟ್ರೋಜನ್ ಡೈ ಆಕ್ಸೈಡಿಗೆ ಎರಡೇ ಮಿತಿಗಳಿವೆ: ವರ್ಷದ ಸರಾಸರಿ ಘನ ಮೀಟರಿಗೆ 40 ಮೈಕ್ರೋಗ್ರಾಂ, 24 ಗಂಟೆಯ ಸರಾಸರಿ 80. ಓಝೋನಿಗೆ ಒಂದು ಗಂಟೆಯ ಮಿತಿ ಇದೆ, ಕಾರ್ಬನ್ ಮಾನಾಕ್ಸೈಡಿಗೂ ಇದೆ, ಇದಕ್ಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಒಂದು ಗಂಟೆಗೆ 200 ಮೈಕ್ರೋಗ್ರಾಂ ಎಂಬ ಮಿತಿಯನ್ನು ಇಂದಿಗೂ ಉಳಿಸಿಕೊಂಡಿದೆ. ನಾಲ್ಕು ಗಂಟೆ ಓಡಿ ಇಪ್ಪತ್ತು ಗಂಟೆ ಮಲಗುವ ಸ್ಥಾವರದ ಹೊಗೆಯನ್ನು 24 ಗಂಟೆಗೆ ಹಂಚಿದರೆ ಅದು ಯಾವತ್ತೂ ಸಣ್ಣದಾಗಿಯೇ ಕಾಣುತ್ತದೆ. ಪಕ್ಕದ ಮನೆಯ ಉಬ್ಬಸದ ಮಗು ಉಸಿರಾಡುವುದು ಸರಾಸರಿಯನ್ನಲ್ಲ, ಸಂಜೆ ಏಳೂವರೆಯ ಗಾಳಿಯನ್ನು.

ಚಿಮಣಿಯ ಬಾಯಿಯಲ್ಲಿ ಎಷ್ಟು ಬಿಡಬಹುದೆಂಬ ನಿಯಮ 1999ರದ್ದು. 400 ಮೆಗಾವಾಟ್ ಮತ್ತು ಅದಕ್ಕೂ ದೊಡ್ಡ ಗ್ಯಾಸ್ ಟರ್ಬೈನ್ ಸ್ಥಾವರಕ್ಕೆ ನೈಟ್ರೋಜನ್ ಆಕ್ಸೈಡ್ 50 ಪಿಪಿಎಂ ಮೀರಬಾರದು. 100ರಿಂದ 400 ಮೆಗಾವಾಟಿನ ನಡುವಿನದಕ್ಕೆ 75, ಅದಕ್ಕೂ ಚಿಕ್ಕದಕ್ಕೆ 100. ಸ್ಥಾವರ ಚಿಕ್ಕದಾದಷ್ಟೂ ಸಲಿಗೆ ಹೆಚ್ಚು ಎಂಬುದು ಇದರ ತರ್ಕ. ಆದರೆ ಪೀಕಿನ ಕೆಲಸಕ್ಕೆ ನಿಲ್ಲುವುದು, ಊರಿನ ನಡುವೆ ಕೂರುವುದು ಚಿಕ್ಕ ಸ್ಥಾವರಗಳೇ. 75 ಪಿಪಿಎಂ ಮಿತಿಯ ಅಂಚಿನಲ್ಲಿ 370 ಮೆಗಾವಾಟ್ ನಾಲ್ಕು ಗಂಟೆ ಓಡಿದರೆ ಹೊರಬೀಳುವ ನೈಟ್ರೋಜನ್ ಆಕ್ಸೈಡ್ ಸುಮಾರು ಒಂದೂಕಾಲು ಟನ್. ಒಳ್ಳೆಯ ಬರ್ನರುಗಳಿಗೆ 25 ಪಿಪಿಎಂ ಕಷ್ಟವಲ್ಲ, ಆಗ ಅದು ಅರ್ಧ ಟನ್ನಿಗೂ ಕೆಳಗೆ ಬರುತ್ತದೆ. ಅಂದರೆ ತಂತ್ರಜ್ಞಾನ ಕಾನೂನಿಗಿಂತ ಎಷ್ಟೋ ಮುಂದೆ ಹೋಗಿದೆ. ಕಾನೂನು ಇನ್ನೂ ಇಪ್ಪತ್ತೈದು ವರ್ಷದ ಹಿಂದೆಯೇ ನಿಂತಿದೆ.

ಸರಾಸರಿ ಹೇಗೆ ಮೋಸ ಮಾಡುತ್ತದೆಂಬುದನ್ನು ರಾಣೆಬೆನ್ನೂರು ಸೀಮೆಗೆ ಬೇರೆಯವರು ಬಂದು ಕಲಿಸಬೇಕಿಲ್ಲ. ಕುಮಾರಪಟ್ಟಣದಲ್ಲಿ ತುಂಗಭದ್ರೆಯ ದಂಡೆಯ ಮೇಲೆ ಎಪ್ಪತ್ತರ ದಶಕದಲ್ಲಿ ತಿರುಳು ಮತ್ತು ನಾರಿನ ಕಾರ್ಖಾನೆಗಳು ಶುರುವಾದವು. ಎಂಬತ್ತರ ದಶಕದ ಆರಂಭದಲ್ಲಿ ಹೊಳೆಯಲ್ಲಿ ಮೀನುಗಳು ಸತ್ತು ತೇಲಿದಾಗ ದಂಡೆಯ ಊರುಗಳ ಮೀನುಗಾರರು, ರೈತರು ಎದ್ದು ನಿಂತರು. 1984ರಲ್ಲಿ ಹುಟ್ಟಿದ ಸಮಾಜ ಪರಿವರ್ತನ ಸಮುದಾಯ, ಎಸ್.ಆರ್. ಹಿರೇಮಠರ ಮುಂದಾಳತ್ವದಲ್ಲಿ ಆ ಹೋರಾಟವನ್ನು ಬೆಳೆಸಿತು. ಹೊಳೆಯ ವಿಚಾರದಲ್ಲಿ ಜನ ಕಂಡುಕೊಂಡದ್ದು ಸರಳ ಸತ್ಯ: ಮಳೆಗಾಲದ ತುಂಬು ಹೊಳೆ ಕರಗಿಸಿಕೊಳ್ಳುವ ಕೊಳೆಯೇ ಬೇಸಿಗೆಯ ಸಣ್ಣ ಹರಿವಿನಲ್ಲಿ ಮೀನನ್ನು ಕೊಲ್ಲುತ್ತದೆ. ಎಷ್ಟು ಬಿಟ್ಟರು ಎನ್ನುವುದರ ಜೊತೆಗೆ ಯಾವಾಗ ಬಿಟ್ಟರು ಎಂದೂ ಕೇಳಬೇಕು. ಗಾಳಿಗೂ ಇದೇ ಪ್ರಶ್ನೆ ಸಲ್ಲುತ್ತದೆ. ಹಗಲಿನ ಬಿಸಿಲಿಗೆ ನೆಲ ಕಾದು ಗಾಳಿ ಮೇಲೇರಿ ಹೊಗೆಯನ್ನು ಚದುರಿಸುತ್ತದೆ. ಹೊತ್ತು ಮುಳುಗಿದ ಮೇಲೆ ನೆಲ ತಣ್ಣಗಾಗಿ, ಗಾಳಿಯ ಕೆಳಪದರ ಕದಡದೆ ನಿಲ್ಲುತ್ತದೆ. ಪೀಕಿಂಗ್ ಸ್ಥಾವರ ಉರಿಯುವುದು ಸರಿಯಾಗಿ ಆ ಹೊತ್ತಿಗೆ.

ಯಾವಾಗ ಎಂಬ ಈ ಪ್ರಶ್ನೆಯನ್ನು ನ್ಯೂಯಾರ್ಕ್ ರಾಜ್ಯ ಕಾನೂನಿಗೆ ತಂದಿದೆ. ಅಲ್ಲಿ ಹಳೆಯ ಪೀಕಿಂಗ್ ಟರ್ಬೈನುಗಳಿದ್ದದ್ದು ಬಡವರ ಬಡಾವಣೆಗಳ ಪಕ್ಕದಲ್ಲಿ. ವರ್ಷದ ಲೆಕ್ಕದಲ್ಲಿ ಅವುಗಳ ಹೊಗೆ ಅಲ್ಪ, ಬೇಸಿಗೆಯ ಕೆಟ್ಟ ಗಾಳಿಯ ದಿನಗಳಲ್ಲಿ ಮಾತ್ರ ಬಹಳ. 2019ರಲ್ಲಿ ಬಂದ ನಿಯಮ ನೈಟ್ರೋಜನ್ ಆಕ್ಸೈಡಿನ ಮಿತಿಯನ್ನು, 2023ರ ಮೇ ತಿಂಗಳಿಂದ 100 ಪಿಪಿಎಂ, 2025ರ ಮೇ ತಿಂಗಳಿಂದ ಗ್ಯಾಸಿಗೆ 25 ಪಿಪಿಎಂ ಎಂದು ಎರಡು ಹಂತದಲ್ಲಿ ಬಿಗಿ ಮಾಡಿತು. ಸರಿಪಡಿಸಿಕೊಳ್ಳಲಾಗದ ಹಲವು ಟರ್ಬೈನುಗಳು ಬಾಗಿಲು ಹಾಕಿದವು.

ಚಿಮಣಿಗೆ ಬರುವ ಮುಂಚೆಯೇ ಆಗುವ ಹಾನಿ ಇನ್ನೊಂದಿದೆ. ಗ್ಯಾಸ್ ಎಂದರೆ ಬಹುಪಾಲು ಮೀಥೇನ್. ಸುಡದೆ ಸೋರಿದ ಮೀಥೇನ್ ಇಪ್ಪತ್ತು ವರ್ಷದ ಅವಧಿಯಲ್ಲಿ ಇಂಗಾಲದ ಡೈ ಆಕ್ಸೈಡಿಗಿಂತ ಎಂಬತ್ತು ಪಟ್ಟಿಗೂ ಹೆಚ್ಚು ಬಿಸಿ ಹಿಡಿಯುತ್ತದೆ, ನೂರು ವರ್ಷದ ಲೆಕ್ಕದಲ್ಲಿ ಸುಮಾರು ಮೂವತ್ತು ಪಟ್ಟು. ಅಮೆರಿಕದ ಗ್ಯಾಸ್ ಜಾಲದಲ್ಲಿ ಶೇ. 2.3ರಷ್ಟು ಸೋರುತ್ತಿದೆಯೆಂದು 2018ರ ಒಂದು ದೊಡ್ಡ ಅಧ್ಯಯನ ಹೇಳಿತು. ಯಲಹಂಕದಂಥ ಸ್ಥಾವರ ಒಂದು ಯೂನಿಟ್‌ಗೆ ಸುಮಾರು 131 ಗ್ರಾಂ ಮೀಥೇನ್ ಸುಡಬೇಕು. ಬಾವಿಯಿಂದ ಬರ್ನರಿನ ತನಕದ ದಾರಿಯಲ್ಲಿ ಶೇ. 2ರಷ್ಟು ಸೋರಿದರೂ, ಇಪ್ಪತ್ತು ವರ್ಷದ ಲೆಕ್ಕದಲ್ಲಿ ಯೂನಿಟ್‌ಗೆ ಇನ್ನೂ 216 ಗ್ರಾಂ ಇಂಗಾಲದ ಡೈ ಆಕ್ಸೈಡಿಗೆ ಸಮನಾದ ಹೊರೆ ಕೂಡುತ್ತದೆ. 367 ಇದ್ದದ್ದು 583 ಆಯಿತು. ಇದಕ್ಕೆ, ಗ್ಯಾಸನ್ನು ಮೈನಸ್ 162 ಡಿಗ್ರಿಗೆ ತಣ್ಣಗೆ ಮಾಡಿ ದ್ರವ ಮಾಡುವ ಖರ್ಚು, ಹಡಗಿನ ಖರ್ಚು ಬೇರೆ. ಇವೆಲ್ಲ ಸೇರಿದರೂ ಕಲ್ಲಿದ್ದಲಿಗಿಂತ ಕಡಿಮೆಯೇ ಇರಬಹುದು. ಆದರೆ ಅರ್ಧಕ್ಕರ್ಧ ಉಳಿತಾಯ ಎಂಬ ಮಾತು ನಿಲ್ಲುವುದಿಲ್ಲ.

ಹಾಗಾದರೆ ಆ ನಾಲ್ಕು ಗಂಟೆಯ ಭಾರವನ್ನು ಇಳಿಸುವುದು ಹೇಗೆ? ಉತ್ತರದ ಒಂದು ತುದಿ ಬ್ಯಾಡಗಿಯಲ್ಲಿದೆ.

ಬ್ಯಾಡಗಿ ಪೇಟೆಗೆ ಸುಗ್ಗಿಯ ಕಾಲದಲ್ಲಿ ಸೋಮವಾರ, ಗುರುವಾರ ಲಕ್ಷಗಟ್ಟಲೆ ಚೀಲ ಮೆಣಸಿನಕಾಯಿ ಬರುತ್ತದೆ. ಡಬ್ಬಿ, ಕಡ್ಡಿ ಎಂಬ ತಳಿಗಳಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ದರ ಬಿದ್ದಾಗ ಮಾಲು ಕೋಲ್ಡ್ ಸ್ಟೋರೇಜಿಗೆ ಹೋಗುತ್ತದೆ. 2024ರ ಮಾರ್ಚ್ 11ರಂದು ದರ ಕುಸಿದು ಪೇಟೆಯಲ್ಲಿ ರೈತರ ಸಿಟ್ಟು ಸ್ಫೋಟಗೊಂಡದ್ದನ್ನು ಜಿಲ್ಲೆ ಮರೆತಿಲ್ಲ. ಮಾರ್ಚ್‌ನಿಂದ ಜೂನ್ ತನಕ ಈ ಗೋದಾಮುಗಳು ತುಂಬಿರುತ್ತವೆ. ಗ್ರಿಡ್‌ಗೆ ಅತಿ ಕಷ್ಟದ ತಿಂಗಳುಗಳೂ ಅವೇ. ಒಳಗೆ ಹೋದರೆ ದಪ್ಪ ಇನ್ಸುಲೇಷನ್ನಿನ ಗೋಡೆಗಳ ನಡುವೆ ನಾಲ್ಕೈದು ಅಂತಸ್ತು ಎತ್ತರಕ್ಕೆ ಚೀಲಗಳು, ಮಂದ ಬೆಳಕು, ಮೂಗಿಗೆ ಹತ್ತುವ ಘಾಟು, ಫ್ಯಾನಿನ ಒಂದೇ ಸಮನೆಯ ಸದ್ದು. ಮೆಣಸಿನಕಾಯಿ ಬಣ್ಣಗೆಡದಂತೆ, ಹುಳ ಬೀಳದಂತೆ ನಾಲ್ಕರಿಂದ ಎಂಟು ಡಿಗ್ರಿಯ ಚಳಿ ಕಾಯುತ್ತಾರೆ. ಮುಖ್ಯ ಸಂಗತಿ ಏನೆಂದರೆ, ಇಷ್ಟೊಂದು ಟನ್ ತಣ್ಣನೆಯ ಮಾಲೇ ಚಳಿಯ ದಾಸ್ತಾನು. ಬಾಗಿಲು ಭದ್ರವಾಗಿದ್ದರೆ ಕಂಪ್ರೆಸರ್ ಕೆಲವು ಗಂಟೆ ನಿಂತರೂ ಒಳಗಿನ ಉಷ್ಣತೆ ಬಲು ನಿಧಾನಕ್ಕೆ ಏರುತ್ತದೆ. ಮಧ್ಯಾಹ್ನ, ಸೋಲಾರ್ ಕರೆಂಟು ಹೇರಳವಾಗಿರುವಾಗ ಒಂದೆರಡು ಡಿಗ್ರಿ ಹೆಚ್ಚು ತಣಿಸಿಟ್ಟು, ಸಂಜೆ ಆರರಿಂದ ಹತ್ತರ ತನಕ ಕಂಪ್ರೆಸರಿಗೆ ವಿರಾಮ ಕೊಟ್ಟರೆ ಮಾಲಿಗೆ ಧಕ್ಕೆಯಿಲ್ಲ. 60 ಕಿಲೋವಾಟ್ ಎಳೆಯುವ ಒಂದು ಗೋದಾಮು ಹೀಗೆ ಮಾಡಿದರೆ ಒಂದು ಸಂಜೆಗೆ 240 ಯೂನಿಟ್ ಪೀಕಿನಿಂದ ಆಚೆ ಹೋಯಿತು. ಗ್ಯಾಸ್ ಟರ್ಬೈನ್ ಒಂದೇ ಓಡುವ ಲೆಕ್ಕದಲ್ಲಿ ಅದು 127 ಕಿಲೋ ಹೊಗೆ. ಅಂಥ ಇಪ್ಪತ್ತು ಗೋದಾಮುಗಳಿಗೆ ದಿನಕ್ಕೆ ಎರಡೂವರೆ ಟನ್.

ಯಲಹಂಕದ 543 ಟನ್ನಿನ ಮುಂದೆ ಎರಡೂವರೆ ಟನ್ ಚಿಕ್ಕದು, ನಿಜ. ಆದರೆ ಇನ್ನೊಂದು ಲೆಕ್ಕ ಇದೆ. 5 ಎಚ್‌ಪಿಯ ಒಂದು ಪಂಪ್‌ಸೆಟ್ ಎಂದರೆ 3.7 ಕಿಲೋವಾಟ್. ಒಂದು ಲಕ್ಷ ಪಂಪ್‌ಸೆಟ್ ಎಂದರೆ 370 ಮೆಗಾವಾಟ್. ರಾಜ್ಯದಲ್ಲಿರುವ ಪಂಪ್‌ಸೆಟ್‌ಗಳು 30 ಲಕ್ಷಕ್ಕೂ ಹೆಚ್ಚು. ಕತ್ತಲಾದ ಮೇಲೆ ಓಡುವ ಒಂದು ಲಕ್ಷ ಪಂಪ್‌ಸೆಟ್‌ಗಳನ್ನು ಹಗಲಿಗೆ ತಂದರೆ ಯಲಹಂಕದ ಇಡೀ ಸ್ಥಾವರವನ್ನು ಮಲಗಲು ಬಿಟ್ಟಂತೆ. ಇದು ರೈತನ ಮೇಲೆ ಹೊರೆ ಹೇರುವ ಮಾತಲ್ಲ. ಹಗಲಿನಲ್ಲೇ ಕರೆಂಟು ಕೊಡಿ ಎಂಬುದು ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ತಾಲ್ಲೂಕುಗಳ ರೈತರ ಎಷ್ಟೋ ವರ್ಷಗಳ ಬೇಡಿಕೆ. ರಾತ್ರಿ ಪಾಳಿಯ ಕರೆಂಟಿಗೆ ಬ್ಯಾಟರಿ ಹಿಡಿದು ಗೋವಿನಜೋಳದ ಹೊಲಕ್ಕೆ ಇಳಿಯುವವರಿಗೆ ಹಾವಿನ ಭಯ, ಹೊಳೆಗುಂಟ ಮೊಸಳೆಯ ಭಯ, ಒದ್ದೆ ಸ್ಟಾರ್ಟರ್ ಮುಟ್ಟಿ ಶಾಕ್ ಹೊಡೆಯುವ ಭಯ. ರೈತನ ಜೀವಕ್ಕೆ ಒಳ್ಳೆಯದಾದದ್ದೇ ಯಲಹಂಕದ ಮಗುವಿನ ಶ್ವಾಸಕ್ಕೂ ಒಳ್ಳೆಯದು. ಇಂಥ ಹೊಂದಾಣಿಕೆ ಸಾರ್ವಜನಿಕ ನೀತಿಯಲ್ಲಿ ಅಪರೂಪಕ್ಕೆ ಸಿಗುವುದು. 2019ರಲ್ಲಿ ಶುರುವಾದ ಕೇಂದ್ರದ ಕುಸುಮ್ ಯೋಜನೆಯಲ್ಲಿ ಕೃಷಿ ಫೀಡರುಗಳಿಗೆ ಸಬ್‌ಸ್ಟೇಷನ್ ಪಕ್ಕದಲ್ಲೇ ಸೋಲಾರ್ ಕೊಡುವ ಭಾಗವಿದೆ. ಜಿಲ್ಲೆಯಲ್ಲಿ ಅದು ಎಷ್ಟು ಬೇಗ ಹರಡುತ್ತದೋ ಅಷ್ಟು ಒಳ್ಳೆಯದು.

ಸಂಜೆಯ ಕೊರತೆ ತುಂಬಲು ಶರಾವತಿ ಕೊಳ್ಳದಲ್ಲಿ ತಲಕಳಲೆ, ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ಸರ್ಕಾರ ಮುಂದಿಟ್ಟಿದೆ. ಹಗಲು ನೀರೆತ್ತಿ ಸಂಜೆ ಇಳಿಸುವ ಯೋಚನೆ ಎಂಜಿನಿಯರಿಂಗ್ ಮಟ್ಟಿಗೆ ಸೊಗಸಾದದ್ದು. ಆದರೆ ಜಾಗ ಸಿಂಗಳೀಕಗಳ ಅಭಯಾರಣ್ಯ. ಹೊಗೆ ಇಲ್ಲದ ಕರೆಂಟಿಗೆ ಕಾಡು ಕಡಿಯುವುದು ಒಪ್ಪುವ ಮಾತಲ್ಲ. ಬ್ಯಾಟರಿಗಳಿಗೆ ಇಂಥ ಜಾಗ ಬೇಡ, ಸಬ್‌ಸ್ಟೇಷನ್ನಿನ ಆವರಣ ಸಾಕು. ದೆಹಲಿಯ ಕಿಲೋಕರಿಯಲ್ಲಿ 2025ರಲ್ಲಿ 20 ಮೆಗಾವಾಟ್ ಶಕ್ತಿಯ, ಎರಡು ಗಂಟೆ ಕೊಡಬಲ್ಲ ಬ್ಯಾಟರಿ ಹಂಚಿಕೆ ಕಂಪನಿಯ ಸಬ್‌ಸ್ಟೇಷನ್ನಿನಲ್ಲೇ ಬಂತು. ಕ್ಯಾಲಿಫೋರ್ನಿಯಾದಲ್ಲಿ 2024ರ ಹೊತ್ತಿಗೆ ಬ್ಯಾಟರಿಗಳು 10,000 ಮೆಗಾವಾಟ್ ದಾಟಿ, ಸಂಜೆಯ ಗ್ಯಾಸ್ ಬಳಕೆಯನ್ನು ಕಣ್ಣಿಗೆ ಕಾಣುವಷ್ಟು ತಗ್ಗಿಸಿದವು. ಅಲ್ಲಿನ ಮಾಸ್ ಲ್ಯಾಂಡಿಂಗ್‌ನಲ್ಲಿ 2025ರ ಜನವರಿಯಲ್ಲಿ ಬ್ಯಾಟರಿ ಕಟ್ಟಡಕ್ಕೆ ಬೆಂಕಿ ಬಿದ್ದು ಜನ ಊರು ಬಿಡಬೇಕಾಯಿತು ಎಂಬುದನ್ನೂ ಜೊತೆಗೇ ಹೇಳಬೇಕು. ಬಯಲಿನಲ್ಲಿ, ಬಿಡಿ ಬಿಡಿ ಪೆಟ್ಟಿಗೆಗಳಲ್ಲಿ ಇಟ್ಟರೆ ಆ ಅಪಾಯ ಬಹಳ ತಗ್ಗುತ್ತದೆ.

ಕೋಲ್ಡ್ ಸ್ಟೋರೇಜ್ ಮಾಲೀಕರು ಕೇಳುವ ಮೊದಲ ಪ್ರಶ್ನೆ ದರದ್ದೇ ಆಗಿರುತ್ತದೆ, ಅದು ಸಹಜ. 2023ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಗ್ರಾಹಕರ ಹಕ್ಕುಗಳ ನಿಯಮಕ್ಕೆ ತಿದ್ದುಪಡಿ ತಂದು, 10 ಕಿಲೋವಾಟಿಗಿಂತ ಹೆಚ್ಚಿನ ವಾಣಿಜ್ಯ ಮತ್ತು ಕೈಗಾರಿಕಾ ಬಳಕೆದಾರರಿಗೆ 2024ರ ಏಪ್ರಿಲ್‌ನಿಂದ ಹೊತ್ತಿಗೆ ತಕ್ಕ ದರ ಇರಬೇಕೆಂದಿತು. ಬಿಸಿಲಿನ ಎಂಟು ಗಂಟೆ ದರ ಮಾಮೂಲಿಗಿಂತ ಕನಿಷ್ಠ ಶೇ. 20 ಕಡಿಮೆ, ಪೀಕಿನಲ್ಲಿ ಕನಿಷ್ಠ 1.2 ಪಟ್ಟು. ಇದನ್ನು ನೆಲಕ್ಕಿಳಿಸಬೇಕಾದದ್ದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ಹೆಸ್ಕಾಂ ದರ ಪರಿಷ್ಕರಣೆಗೆ ಅರ್ಜಿ ಹಾಕಿದಾಗಲೆಲ್ಲ ಆಯೋಗ ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಅಲ್ಲಿ ಬರೆದುಕೊಟ್ಟ ಆಕ್ಷೇಪಣೆಗೆ ಕಂಪನಿ ಉತ್ತರ ಕೊಡಲೇಬೇಕು. ಬ್ಯಾಡಗಿಯ ವರ್ತಕರು ಹಗಲಿನ ರಿಯಾಯಿತಿಯನ್ನೂ, ರೈತ ಸಂಘಗಳು ಹಗಲಿನ ತ್ರೀ ಫೇಸನ್ನೂ ಅಲ್ಲಿ ಒಂದೇ ಅರ್ಜಿಯಲ್ಲಿ ಕೇಳಬಹುದು. ಅದೇ ಅರ್ಜಿಯಲ್ಲಿ ಇನ್ನೊಂದು ಸಾಲು ಸೇರಬೇಕು. ಸಂಜೆಯ ಕರೆಂಟನ್ನು ಯಾವ ಸ್ಥಾವರದಿಂದ, ಯಾವ ಕಾಲು ಗಂಟೆಗಳಲ್ಲಿ, ಎಷ್ಟು ಸಲ ಹೊಸದಾಗಿ ಚಾಲೂ ಮಾಡಿಸಿ ಕೊಂಡಿರಿ ಎಂಬ ಪ್ರಶ್ನೆ ಅದು. ಚಿಮಣಿಗೆ ಕೂರಿಸಿದ ಆನ್‌ಲೈನ್ ಮೀಟರಿನ ದಾಖಲೆ ಮಾಲಿನ್ಯ ನಿಯಂತ್ರಣ ಮಂಡಳಿಗೆ ಈಗಾಗಲೇ ಹೋಗುತ್ತಿರುತ್ತದೆ. ಅದನ್ನು ದಿನದ ಸರಾಸರಿಯಾಗಿ ಅಲ್ಲದೆ, ಯಂತ್ರ ಹೊತ್ತಿಸಿದ ಮೊದಲ ಗಂಟೆಯ ಅಂಕಿಗಳ ಸಮೇತ, ಕಾಲು ಗಂಟೆಗೊಂದರಂತೆ ಜನರ ಮುಂದಿಡಬೇಕೆಂದು ಮಂಡಳಿಗೂ ಒಂದು ಪ್ರತಿ ಹೋಗಬೇಕು.